ಇಳಿಜಾರಲ್ಲಿ ಎದೆ ಹೊಡ್ಕೊಂಡಾಗ ನಾನು ಮಾಡೋದು

ನಾನು ಶಿರಸಿ ಕಡೆಯವ್ನು, ಇಪ್ಪತ್ತೈದು ವರ್ಷ ಆಗೋವರ್ಗೂ ಹಿಮಾನೇ ಮುಟ್ಟಿರ್ಲಿಲ್ಲ. ಈಗ ಚಳಿಗಾಲ ಪೂರ್ತಿ ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಸ್ಕೀ ಕಲಿಸ್ತೀನಿ. ನಿಮ್ಗೆ ಭಯ ಆಗಲ್ವಾ ಅಂತ ತುಂಬಾ ಜನ ಕೇಳ್ತಾರೆ. ಆಗತ್ತೆ, ಆದ್ರೆ ನಾನು ಬಿದ್ಬಿಡ್ತೀನಿ ಅಂತಲ್ಲ, ನನ್ನ ನಂಬಿ ಬಂದೋರಿಗೆ ಏನಾದ್ರೂ ಆದ್ರೆ ಅಂತ.

ಇದು ನನ್ನ ಎರಡನೇ ಸೀಸನ್‌ನಲ್ಲಿ ಆಗಿದ್ದು. ಗುಲ್ಮಾರ್ಗ್ ಇರೋದು ಸುಮಾರು 2,650 ಮೀಟರ್ ಎತ್ತರದಲ್ಲಿ, ಅಲ್ಲಿನ ಸಣ್ಣ ಸ್ಲೋಪ್‌ನಲ್ಲಿ ಮೂರು ದಿನ ಸ್ನೋ ಪ್ಲೋ (ಸ್ಕೀ ತುದಿಗಳನ್ನ ಮುಂದೆ ಹತ್ರ ತಂದು, ಹಿಂದೆ ಅಗಲ ಮಾಡಿ ವೇಗ ತಡೆಯೋದು) ಚೆನ್ನಾಗಿ ಮಾಡಿದ್ರು ಅಂತ ಬೆಂಗಳೂರಿನ ಒಬ್ಬರನ್ನ ಗೊಂಡೋಲಾ, ಅಂದ್ರೆ ಕೇಬಲ್ ಕಾರ್, ಹತ್ಸಿ ಇನ್ನೂ ಮೇಲಿರೋ ಕೊಂಗ್‌ದೂರಿಗೆ ಕರ್ಕೊಂಡು ಹೋದೆ, ಇನ್ನೊಂದೆರಡು ದಿನ ಕಾಯ್ಬೇಕಿತ್ತು, ತಪ್ಪು ನಂದೇ. ಅರ್ಧ ಇಳಿದಿದ್ವಿ ಅಷ್ಟೇ, ಮೋಡ ಕವಿದು ನೆಲ ಯಾವ್ದು ಆಕಾಶ ಯಾವ್ದು ಗೊತ್ತಾಗ್ದೆ ಅವ್ರು ನಿಂತ್ಬಿಟ್ರು. ಅಲ್ಲೀವರ್ಗೂ ಇಂಗ್ಲಿಷಲ್ಲೇ ಮಾತಾಡ್ತಿದ್ದೋರು "ನನ್ ಕೈಲಿ ಆಗಲ್ಲ" ಅಂತ ಕನ್ನಡದಲ್ಲಿ ಅತ್ಬಿಟ್ರು.

ನನ್ನ ಎದೆ ಡಬಡಬ. ಬೂಟಿನೊಳಗೆ ಕಾಲ್ಬೆರಳು ಮಡಚಿ ಬಿಗಿ ಹಿಡ್ಕೊಂಡಿರೋದು ಆಗ ಗಮನಕ್ಕೆ ಬಂತು. ಬೆರಳು ಬಿಚ್ಚಿದೆ, ಉಸಿರು ಪೂರ್ತಿ ಹೊರಗೆ ಬಿಟ್ಟೆ, ಆಮೇಲೇ ಬಾಯಿ ತೆಗ್ದಿದ್ದು. ಇವತ್ತಿಗೂ ಇದೇ ಕ್ರಮ, ಯಾಕಂದ್ರೆ ನನ್ನ ದನಿ ನಡುಗಿದ್ರೆ ಕಲಿಯೋರ ಮೊಣಕಾಲು ನಡುಗತ್ತೆ. ಇಳಿಜಾರು ಕಣ್ಣಿಗೆ ಬೀಳ್ದೇ ಇರ್ಲಿ ಅಂತ ಅವ್ರ ಕೆಳಗಡೆ ಬಂದು ನಿಂತೆ. "ಅಕ್ಕಾ, ನನ್ನ ಜಾಕೆಟ್ ಮಾತ್ರ ನೋಡಿ. ಒಂದಡಿ ಜಾರೋಣ, ಸಾಕು." ಸ್ಕೀ ಅಡ್ಡ ಇಟ್ಕೊಂಡು, ಅಂಚಿನ ಹಿಡಿತ ಸ್ವಲ್ಪ ಸಡಿಲ ಮಾಡಿ ಒಂದಡಿ ಜಾರೋದು, ನಿಲ್ಲೋದು, ಮತ್ತೆ ಜಾರೋದು.

ಹೆದರಿದಾಗ ಮೈ ತಾನಾಗೇ ಹಿಂದಕ್ಕೆ ವಾಲತ್ತೆ. ಸ್ಕೀ ಮೇಲೆ ಹಿಂದಕ್ಕೆ ವಾಲಿದ್ರೆ ಮುಂದಿನ ತುದಿ ಹಗುರ ಆಗಿ ತಿರುಗ್ಸೋಕೇ ಆಗಲ್ಲ, ವೇಗ ಏರ್ತಾನೇ ಹೋಗತ್ತೆ. ಅದಕ್ಕೇ "ಹೆದರ್ಬೇಡಿ" ಅನ್ನೋದನ್ನೇ ಬಿಟ್ಟಿದೀನಿ, "ಮೊಣಕಾಲಿನ ಕೆಳಗೆ ಕಾಲಿನ ಮುಂಭಾಗನ ಬೂಟಿನ ನಾಲಿಗೆಗೆ, ಅಂದ್ರೆ ಬೂಟಿನ ಮುಂದಿನ ಪಟ್ಟಿಗೆ, ಒತ್ತಿ" ಅಂತೀನಿ. ಮೈಗೆ ಮಾಡೋಕೆ ಒಂದು ಕೆಲ್ಸ ಸಿಗತ್ತೆ.

ಇಪ್ಪತ್ತು ನಿಮಿಷದ ದಾರಿಗೆ ಒಂದೂವರೆ ಗಂಟೆ ಹಿಡೀತು. ಕೆಳಗೆ ಕಹ್ವಾ (ಕಾಶ್ಮೀರಿ ಟೀ) ಕುಡಿಯುವಾಗ ಅವರ ಹತ್ರ ಕ್ಷಮೆ ಕೇಳಿದೆ. ಆವತ್ತಿಂದ ಬೆಳಿಗ್ಗೆ ಮೊದಲ ಗೊಂಡೋಲಾ ಹತ್ತಿ ಒಬ್ನೇ ಒಂದ್ಸಲ ಇಳೀತೀನಿ, ರಾತ್ರಿ ಹೆಪ್ಪುಗಟ್ಟಿದ ಮಂಜು ಎಲ್ಲಿ ಗಾಜಿನ ಹಾಗಿದೆ ಅಂತ ನೋಡ್ಕೊಂಡ್ಮೇಲೇ ಬೇರೆಯವ್ರನ್ನ ಕರ್ಕೊಂಡು ಹೋಗೋದು. ಮೋಡ ಇದ್ರೆ ಹೋಗಲ್ಲ, ದುಡ್ಡು ಕೊಟ್ಟಿದೀವಿ ಅಂತ ಎಷ್ಟೇ ಒತ್ತಾಯ ಮಾಡ್ಲಿ.