ಹತ್ತಿಸುವ ಮುಂಚೆ ಬೀಳಿಸಿ ಕಲಿಸಿದೆವು

ಸ್ಕೇಟ್‌ಬೋರ್ಡ್ ಹತ್ತಿಸುವ ಮುಂಚೆ, ಬೀಳುವಾಗ ಪ್ಯಾಡ್ ಹಾಕಿದ ಮಂಡಿಯ ಮೇಲೆ ಜಾರುವುದನ್ನು ಕಲಿಸಬೇಕು. ಪ್ಯಾಡ್, ಹೆಲ್ಮೆಟ್‌ಗೆ ಬೇರೆ ಬಾಡಿಗೆ ಹಾಕಬಾರದು. ಬೆಂಗಳೂರಿನಲ್ಲಿ ಸ್ಕೇಟ್‌ಬೋರ್ಡ್ ಆಗಷ್ಟೇ ಚಿಗುರುತ್ತಿದ್ದಾಗ ಈ ಎರಡು ಮಾತು ಹೇಳಿದರೆ, "ದುಡ್ ಕೊಟ್ಟು ಬೀಳೋಕೆ ಯಾರ್ ಬರ್ತಾರೆ ಗುರು?" ಅನ್ನುತ್ತಿದ್ದರು. ಹಾಗೆ ಅಂದವರಲ್ಲಿ ಹಲವರು ಈಗ ಇದೇ ದಾರಿಗೆ ಬಂದಿದ್ದಾರೆ.

ಮೊದಲು ಬಾಡಿಗೆಯ ವಿಷಯ. ಬೋರ್ಡ್‌ಗೆ ಗಂಟೆಗೆ ಸುಮಾರು 100, ಪ್ಯಾಡ್‌ಗೆ ಮೇಲೆ 50 ರೂಪಾಯಿ ಎಂದಿದ್ದಾಗ ಅಪ್ಪ-ಅಮ್ಮಂದಿರು ಆ 50 ಉಳಿಸುತ್ತಿದ್ದರು. ಎರಡನ್ನೂ ಸೇರಿಸಿ 150 ಎಂದು ಒಂದೇ ದರ ಮಾಡಿದೆವು. ಪ್ಯಾಡ್ ಬೇಡವೆಂದರೂ ಒಂದು ರೂಪಾಯಿ ಇಳಿಸಲಿಲ್ಲ. ದುಡ್ಡು ಕೊಟ್ಟಾದ ಮೇಲೆ ಬೇಡ ಅನ್ನುವವರು ಕಮ್ಮಿ. ಬರೀ ನಿಷೇಧದಿಂದ ಏನೂ ಆಗುವುದಿಲ್ಲ. ನಾರ್ವೆಯಲ್ಲಿ 1978ರಿಂದ 1989ರವರೆಗೆ ಸ್ಕೇಟ್‌ಬೋರ್ಡ್ ನಿಷೇಧವಿತ್ತು, ಹುಡುಗರು ಕಾಡಿನೊಳಗೆ ರ‍್ಯಾಂಪ್ ಕಟ್ಟಿಕೊಂಡರು. ನಮ್ಮ ಅಪಾರ್ಟ್‌ಮೆಂಟ್‌ಗಳಲ್ಲೂ ಅಂಗಳದಲ್ಲಿ ಬೇಡ ಎಂದ ತಕ್ಷಣ ಮಕ್ಕಳು ಬೇಸ್‌ಮೆಂಟ್‌ಗೆ ಇಳಿಯುತ್ತಾರೆ. ಅಲ್ಲಿ ನೆಲದಲ್ಲಿ ಆಯಿಲ್, ತಿರುವಿನಲ್ಲಿ ಕಾರು.

ಪ್ಯಾಡ್‌ನಲ್ಲಿ ಚೌಕಾಸಿ ಬೇಡ. ಆನ್‌ಲೈನಿನಲ್ಲಿ 500-600ಕ್ಕೆ ಸಿಗುವ ಸೆಟ್‌ನಲ್ಲಿ ಮಂಡಿ ಪ್ಯಾಡಿನ ಮೇಲಿನ ಪ್ಲಾಸ್ಟಿಕ್ ಚಿಪ್ಪನ್ನು ದಾರದಲ್ಲಿ ಹೊಲಿದಿರುತ್ತಾರೆ. ಜಾರಲು ಶುರು ಮಾಡಿದ ಎರಡು-ಮೂರು ವಾರದಲ್ಲೇ ಕಿತ್ತು ಬರುತ್ತದೆ. ರಿವೆಟ್ ಹೊಡೆದ ಗಟ್ಟಿ ಚಿಪ್ಪಿನ ಜೋಡಿಗೆ 2,000ದ ಆಸುಪಾಸು ಆಗುತ್ತದೆ, ಆದರೆ ಬಾಡಿಗೆಯ ಒರಟು ಬಳಕೆಯಲ್ಲೂ ವರ್ಷ ದಾಟುತ್ತದೆ. ಬರೀ ಬಟ್ಟೆ-ಸ್ಪಂಜಿನ ಪ್ಯಾಡ್ ಅಂತೂ ಮುಟ್ಟಲೇಬೇಡಿ. ಅದು ಕಾಂಕ್ರೀಟನ್ನು ಹಿಡಿದುಕೊಳ್ಳುತ್ತದೆ: ಮಂಡಿ ನಿಂತುಬಿಡುತ್ತದೆ, ಮೈ ಮುಂದಕ್ಕೆ ಹೋಗುತ್ತದೆ, ಕೈ ಊರುತ್ತದೆ, ಮಣಿಕಟ್ಟು ಮುರಿಯುತ್ತದೆ.

ಕಲಿಸುವ ಕ್ರಮ ಹೀಗೆ. ಸಪಾಟು ನೆಲದಲ್ಲಿ ಬೋರ್ಡ್ ಇಲ್ಲದೆ ಮೂರು-ನಾಲ್ಕು ಹೆಜ್ಜೆ ಓಡಿ, ಎರಡೂ ಮಂಡಿ ಒಟ್ಟಿಗೆ ಊರಿ, ಕುಂಡೆಯನ್ನು ಹಿಮ್ಮಡಿಯತ್ತ ಇಳಿಸಿ, ಬೆನ್ನು ತುಸು ಹಿಂದಕ್ಕೆ ವಾಲಿಸಿ ಜಾರಬೇಕು. ಒಂದೇ ಮಂಡಿ ಮೊದಲು ತಗುಲಿದರೆ ಪ್ಯಾಡ್ ತಿರುಗಿಕೊಂಡು ಚರ್ಮ ಕಿತ್ತುಬರುತ್ತದೆ. ಕೈ ನೆಲಕ್ಕೆ ಹೋಗುವ ಅಭ್ಯಾಸ ಬಿಡಿಸಲು ಎರಡೂ ಕೈಗೆ ಒಂದೊಂದು ಟೆನಿಸ್ ಬಾಲ್ ಕೊಡಿ, ಬಾಲ್ ಬಿದ್ದರೆ ಲೆಕ್ಕಕ್ಕಿಲ್ಲ. ಇದಾದ ಮೇಲೆ ಕ್ವಾರ್ಟರ್ ಪೈಪ್ ಎಂಬ ಬಾಗಿದ ಇಳಿಜಾರಿನ ಒಂದಡಿ ಎತ್ತರದಿಂದ, ಆಮೇಲೆ ಎರಡಡಿ, ಮೂರಡಿಯಿಂದ. ಚಿಕ್ಕ ಮಕ್ಕಳು ತಾವಾಗಿಯೇ ಮತ್ತೆ ಮತ್ತೆ ಜಾರಲು ಬರುವಂತೆ ಮಾಡುವ ಒಂದು ಆಟ ನಮ್ಮಲ್ಲಿದೆ, ಅದನ್ನು ಸದ್ಯಕ್ಕೆ ನಮ್ಮಲ್ಲೇ ಇಟ್ಟುಕೊಳ್ಳುತ್ತೇವೆ. ಇದೆಲ್ಲ ನುಣ್ಣಗೆ ತೀಡಿದ ಕಾಂಕ್ರೀಟ್ ಅಥವಾ ಪ್ಲೈವುಡ್‌ಗೆ ಮಾತ್ರ. ಡಾಂಬರು ರಸ್ತೆಯಲ್ಲಿ ಚಿಪ್ಪು ಜಾರುವುದಿಲ್ಲ. ಅಲ್ಲಿ ಬೋರ್ಡ್ ಬಿಟ್ಟು ಓಡಿ ನಿಲ್ಲುವುದನ್ನೇ ಕಲಿಸಬೇಕು.

ಹೆಲ್ಮೆಟ್‌ನಲ್ಲಿ ಸೈಕಲ್‌ನದು ಸಾಕು ಅನ್ನುವವರಿದ್ದಾರೆ. ಅದರೊಳಗಿನ ಥರ್ಮೋಕೋಲ್ ಜಾತಿಯ ಫೋಮ್ ಒಂದು ಜೋರು ಪೆಟ್ಟಿಗೆ ಮುಗಿಯಿತು, ಆಮೇಲೆ ಎಸೆಯಬೇಕು. ಹೊಸಬರು ಹಿಂದಕ್ಕೆ ಮಗುಚಿ ತಲೆಯ ಹಿಂಭಾಗ ಬಡಿಸಿಕೊಳ್ಳುವುದೇ ಹೆಚ್ಚು, ಅದೂ ಪದೇ ಪದೇ. ಹಿಂಬದಿ ಕೆಳಗಿನವರೆಗೆ ಮುಚ್ಚುವ, ಒಳಗೆ ಎಎಸ್‌ಟಿಎಂ ಎಫ್ 1492 (ಸ್ಕೇಟ್‌ಬೋರ್ಡ್ ಹೆಲ್ಮೆಟ್‌ಗಳ ಸುರಕ್ಷತಾ ಮಾನದಂಡ) ಎಂಬ ಚೀಟಿಯಿರುವ ಹೆಲ್ಮೆಟನ್ನೇ ಕೊಳ್ಳಿ. ಹುಬ್ಬಿನ ಮೇಲೆ ಎರಡು ಬೆರಳಿಗಿಂತ ಹೆಚ್ಚು ಜಾಗ ಬಿಟ್ಟರೆ ಹಣೆ ಬಯಲಾಗುತ್ತದೆ.

ಚಕ್ರದ್ದು ಹಳೇ ರೋಗ. 1960ರ ದಶಕದ ಕ್ಯಾಲಿಫೋರ್ನಿಯಾದಲ್ಲಿ ಜೇಡಿಮಣ್ಣಿನ ಚಕ್ರಕ್ಕೆ ಸಣ್ಣ ಕಲ್ಲು ಸಿಕ್ಕರೂ ಬೋರ್ಡ್ ಗಕ್ಕನೆ ನಿಂತು ಸವಾರ ಹಾರಿಬೀಳುತ್ತಿದ್ದ. 1970ರ ದಶಕದ ಆರಂಭದಲ್ಲಿ ಫ್ರ್ಯಾಂಕ್ ನಾಸ್‌ವರ್ದಿ ರಬ್ಬರಿನಂಥ ಯುರಿಥೇನ್ ಚಕ್ರ ತಂದ ಮೇಲೆ ಅದು ತಗ್ಗಿತು. ಇಲ್ಲಿನ ಆಟಿಕೆ ಬೋರ್ಡ್‌ಗಳ ಪ್ಲಾಸ್ಟಿಕ್ ಚಕ್ರ ಇವತ್ತಿಗೂ ಅದೇ ಕೆಲಸ ಮಾಡುತ್ತದೆ. ಕಲಿಯುವವರ ಬೋರ್ಡ್‌ಗೆ 78ಎ (ಚಕ್ರದ ಗಟ್ಟಿತನದ ಅಳತೆ) ಆಸುಪಾಸಿನ ಮೆತ್ತನೆಯ, 58-60 ಮಿ.ಮೀ. ಚಕ್ರ ಹಾಕಿ. ಸೆಟ್‌ಗೆ 2,000 ಮೇಲಾಗಬಹುದು. ಹಲಗೆಗೂ ಚಕ್ರ ಹಿಡಿಯುವ ಲೋಹದ ಭಾಗಕ್ಕೂ ನಡುವೆ ಹಾಕುವ ಕಾಲಿಂಚು ದಪ್ಪದ ಪಟ್ಟಿ (ರೈಸರ್) ಮರೆತರೆ ವಾಲಿದಾಗ ಚಕ್ರ ಹಲಗೆಗೆ ಉಜ್ಜಿ ನಿಲ್ಲುತ್ತದೆ, ಹೊಸ ಚಕ್ರವೇ ಹಳೇ ಕಲ್ಲಿನ ಕೆಲಸ ಮಾಡುತ್ತದೆ.

ಒಂದು ಅಡ್ಡ ಪ್ರಯೋಗ: ವೇಗ ತಗ್ಗಿಸಲು ಕೆಲವರು ಚಕ್ರದ ಆಕ್ಸಲ್ ನಟ್ ಬಿಗಿಯುತ್ತಾರೆ, ಅದರಿಂದ ಬೇರಿಂಗ್ ಹಾಳು. ನಾವು ಚಕ್ರದೊಳಗಿನ 608 ಅಳತೆಯ ಬೇರಿಂಗ್‌ನ ಮುಚ್ಚಳವನ್ನು ಪಿನ್ನಿನಿಂದ ಎಬ್ಬಿಸಿ, ಒಳಗಿನ ಎಣ್ಣೆ ತೊಳೆದು, ಗ್ಯಾರೇಜಿನ ದಪ್ಪ ಗ್ರೀಸ್ ತುಂಬಿದೆವು. ಬೋರ್ಡ್ ಸೋಮಾರಿಯಾಗಿ ಉರುಳುತ್ತದೆ, ಏಳೆಂಟು ವರ್ಷದ ಮಕ್ಕಳಿಗೆ ಹೇಳಿ ಮಾಡಿಸಿದಂತಿದೆ. ಬೇಸಿಗೆಯಲ್ಲಿ ಗ್ರೀಸ್ ತೆಳುವಾಗುತ್ತದೆ, ಮತ್ತೆ ತುಂಬಬೇಕು.

ಇಷ್ಟೆಲ್ಲ ಮಾಡಿಯೂ ಮಕ್ಕಳು ಪ್ಯಾಡ್ ಬಿಚ್ಚುವುದು ವಾಸನೆಗೆ. ಹಳೇ ಸಾಕ್ಸಿನ ಪಾದ ಕತ್ತರಿಸಿ ಕೊಳವೆಯನ್ನು ಮಂಡಿಗೆ ಹಾಕಿಸಿ, ಅದರ ಮೇಲೆ ಪ್ಯಾಡ್. ಬೆವರು ಸಾಕ್ಸಿಗೇ ನಿಲ್ಲುತ್ತದೆ. ವಾರಕ್ಕೊಮ್ಮೆ ಪ್ಯಾಡನ್ನು ಸೋಪಿನ ನೀರಲ್ಲಿ ನೆನೆಸಿ ನೆರಳಲ್ಲೇ ಒಣಗಿಸಿ, ಬಿಸಿಲಿಗೆ ಎಲಾಸ್ಟಿಕ್ ಸಾಯುತ್ತದೆ. ವೆಲ್ಕ್ರೋದಲ್ಲಿ ಸಿಕ್ಕ ನೂಲನ್ನು ಬಾಚಣಿಗೆಯಿಂದ ಕೀಳಿ. ಅದಕ್ಕೂ ಹಿಡಿಯದಿದ್ದರೆ ಚಿಕ್ಕಪೇಟೆಯಿಂದ 2 ಇಂಚಿನ ವೆಲ್ಕ್ರೋ ಮೀಟರ್ ಲೆಕ್ಕದಲ್ಲಿ ತಂದು ಟೈಲರ್ ಕೈಲಿ ಹೊಲಿಸಿ. ಹೊಸ ಜೋಡಿಗೆ ಕೊಡುವುದರಲ್ಲಿ ಹತ್ತನೇ ಒಂದು ಪಾಲೂ ಆಗುವುದಿಲ್ಲ.