ಕೌದಿ ಒಗೆಯುವಾಗ, ಇಸ್ತ್ರಿ ಮಾಡುವಾಗ

ಮಹಾನವಮಿ ಹತ್ತಿರ ಬಂತೆಂದರೆ ನಮ್ಮ ಬಾಗಲಕೋಟೆ ಕಡೆ ಮನೆಯೊಳಗಿನ ಹಾಸಿಗೆ-ಹೊದಿಕೆ ಎಲ್ಲ ಒಗೆಯಲು ಹೊರಬೀಳುತ್ತವೆ. ನಾನು ಕೌದಿ, ಅಂದರೆ ಬಟ್ಟೆ ತುಂಡುಗಳನ್ನು ಪದರು ಪದರಾಗಿ ಇಟ್ಟು ಕೈಯಿಂದ ಹೊಲಿದ ಹೊದಿಕೆ, ಹೊಲಿದುಕೊಡುವವಳು. ಆ ದಿನಗಳಲ್ಲಿ ಬರುವ ಪ್ರಶ್ನೆ ಒಂದೇ: "ಅಕ್ಕಾರ, ಇದನ್ನ ಮಷಿನ್‌ನ್ಯಾಗ ಹಾಕಬಹುದೇನ್ರಿ?"

"ಮೊದಲ ಇದರಾಗ ಏನೇನ್ ಬಟ್ಟಿ ಅದಾವ ನೋಡೂಣ, ತಡೀರಿ" ಅಂತೀನಿ.

ಅಜ್ಜನ ಧೋತರ, ಅವ್ವನ ಇಳಕಲ್ ಸೀರೆ, ಗುಳೇದಗುಡ್ಡದ ಖಣದ (ಕುಪ್ಪಸದ ಬಟ್ಟೆಯ) ತುಂಡು, ನಡುವೆ ಎಲ್ಲೋ ಒಂದು ಟೆರಿಲಿನ್ (ಪಾಲಿಯೆಸ್ಟರ್) ಅಂಗಿಯ ಚೂರು, ಎಲ್ಲ ಸೇರಿ ಒಂದು ಕೌದಿ. ಇವುಗಳಲ್ಲಿ ಎಲ್ಲಕ್ಕಿಂತ ನಾಜೂಕಿನದು ಯಾವುದೋ, ಅದು ತಾಳುವಷ್ಟೇ ಉಜ್ಜಬೇಕು, ಅದು ತಾಳುವಷ್ಟೇ ಬಿಸಿ ಕೊಡಬೇಕು. ನನ್ನ ಲೆಕ್ಕ ಇಷ್ಟೇ.

ನಾನು ಹೆಚ್ಚು ಅಂಜುವುದು ಇಳಕಲ್ ಸೀರೆಯ ಕೆಂಪು ಸೆರಗಿಗೆ. ಮಗ್ಗದಲ್ಲಿ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸಿರುತ್ತಾರೆ. ಸೆರಗಿನ ನೂಲು ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ ಆಗಿದ್ದರೆ ನೆನೆದಾಗ ಅದರ ಬಲ ಬಹಳ ಕುಗ್ಗುತ್ತದೆ. ಹಸಿ ಕೌದಿಯನ್ನು ಆ ಭಾಗ ಹಿಡಿದು ಎತ್ತಿದರೆ ಅಲ್ಲಿಯೇ ಬಿರಿಯುತ್ತದೆ. ಬಣ್ಣದ ಪರೀಕ್ಷೆಯನ್ನೂ ಅಲ್ಲಿಯೇ ಮಾಡುತ್ತೇನೆ. ಬಿಳಿ ಹತ್ತಿ ಬಟ್ಟೆ ಒದ್ದೆ ಮಾಡಿ, ಕೆಂಪಿನ ಮೇಲಿಟ್ಟು, ಅಂಗೈಯಿಂದ ಒತ್ತಿ ಹಿಡಿದು ತೆಗೆಯುತ್ತೇನೆ. ಬಿಳಿ ಬಟ್ಟೆ ಗುಲಾಬಿಯಾದರೆ ಆ ಕೌದಿಯನ್ನು ಒಂಟಿಯಾಗಿ, ತಣ್ಣೀರಿನಲ್ಲಿ, ನೆನೆಹಾಕದೆ ಒಗೆಯುತ್ತೇನೆ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎನ್ನುವ ಮಾತನ್ನು ನಾನು ನಂಬುವುದಿಲ್ಲ.

ನಮ್ಮ ಬೋರಿನ ನೀರು ಸವಳು. ಅದರಲ್ಲಿ ಬಾರ್ ಸೋಪು ತಿಕ್ಕಿದರೆ ನೊರೆ ಏಳುವುದಿಲ್ಲ, ಬಿಳಿ ಜಿಡ್ಡಾಗಿ ಪದರುಗಳ ಒಳಗೆ ಕೂತು ಕೌದಿ ಬಿರುಸಾಗುತ್ತದೆ. ಅದಕ್ಕೇ ಅಂಟವಾಳಕಾಯಿ ಕುದಿಸಿ ಸೋಸಿದ ನೀರು, ಇಲ್ಲವಾದರೆ ಸ್ವಲ್ಪವೇ ಲಿಕ್ವಿಡ್ ಡಿಟರ್ಜೆಂಟ್. ದೊಡ್ಡ ಟಬ್ಬಿನಲ್ಲಿ ಹಾಕಿ ಬರಿಗಾಲಿನಿಂದ ಮೆಲ್ಲಗೆ ತುಳಿಯುತ್ತೇನೆ. ನೀರು ತಿಳಿಯಾಗುವವರೆಗೂ ಜಾಲಿಸುತ್ತೇನೆ. ಕಲ್ಲಿಗೆ ಬಡಿಯುವುದಿಲ್ಲ, ಹಿಂಡುವುದಂತೂ ಇಲ್ಲವೇ ಇಲ್ಲ. ಹೊಸ ಹತ್ತಿ ಬಟ್ಟೆಯಿಂದಲೇ ಹೊಲಿದ, ಬಣ್ಣ ಬಿಡದ ಕೌದಿಯಾದರೆ ಮಷಿನ್‌ನಲ್ಲಿ ನಾಜೂಕು ಬಟ್ಟೆಯ ಸೆಟ್ಟಿಂಗ್ ಇಟ್ಟು ಹಾಕಿರಿ, ಅಡ್ಡಿಯಿಲ್ಲ.

ನೆನೆದ ಕೌದಿಯ ಭಾರವೇ ಅದರ ವೈರಿ. ಹಗ್ಗದ ಮೇಲೆ ನೇತು ಹಾಕಿದರೆ ನೀರೆಲ್ಲ ಕೆಳಗಿಳಿದು ದಾರ ಜಗ್ಗುತ್ತದೆ. ಕೈಹೊಲಿಗೆ ಒಂದು ಕಡೆ ಕಿತ್ತರೆ ಸಾಲೇ ಬಿಚ್ಚಿಕೊಳ್ಳುತ್ತದೆ. ನಾನು ಹೊರಸಿನ (ಹಗ್ಗದ ಮಂಚದ) ಮೇಲೆ ಹಳೆ ಧೋತರ ಹಾಸಿ, ಕೌದಿಯ ಬೆನ್ನು ಮೇಲೆ ಮಾಡಿ ನೆರಳಿನಲ್ಲಿ ಹರವುತ್ತೇನೆ. ಹೊರಸಿನ ಸಂದಿಯಿಂದ ಕೆಳಗಿನಿಂದಲೂ ಗಾಳಿಯಾಡುತ್ತದೆ. ಬಾಣಂತಿ-ಕೂಸಿನ ಕೌದಿಗೆ ಅರಿಶಿಣ ತಾಗಿದ್ದರೆ ಆ ಕಲೆಗೆ ಮಾತ್ರ ಬಿಸಿಲು ತೋರಿಸುತ್ತೇನೆ. ಸೋಪು ತಾಗಿ ಕೆಂಪಾದ ಅರಿಶಿಣ ಬಿಸಿಲಿಗೆ ಕ್ರಮೇಣ ಮಾಸುತ್ತದೆ. ಕಲೆ ಹೋಗುವ ಮುಂಚೆ ಇಸ್ತ್ರಿ ಮುಟ್ಟಿಸಬೇಡಿ, ಬಿಸಿಗೆ ಕಲೆ ಗಟ್ಟಿಯಾಗಿ ಕೂರುತ್ತದೆ.

ಇನ್ನು ಇಸ್ತ್ರಿ. ಕೌದಿ ಪೂರ್ತಿ ಒಣಗುವ ಮೊದಲೇ, ಕೈಗೆ ತುಸು ತಂಪು ಇರುವಾಗಲೇ ಮಾಡಬೇಕು. ಕೆಳಗೆ ದಪ್ಪ ಟವೆಲ್, ಅದರ ಮೇಲೆ ಕೌದಿ ಬೋರಲಾಗಿ, ಮೇಲೊಂದು ತೆಳು ಹತ್ತಿ ಬಟ್ಟೆ. ಅಂಗಿಗೆ ಎಳೆದಂತೆ ಇಸ್ತ್ರಿಪೆಟ್ಟಿಗೆಯನ್ನು ಹಿಂದೆ-ಮುಂದೆ ಎಳೆಯಬಾರದು. ಎಳೆದರೆ ಮೇಲಿನ ಪದರು ಸರಿದು, ಎರಡು ಹೊಲಿಗೆಯ ನಡುವೆ ಮಡಿಕೆ ಬಿದ್ದು ಅಲ್ಲೇ ಅಚ್ಚಾಗುತ್ತದೆ. ಇಡು, ಎತ್ತು, ಪಕ್ಕಕ್ಕೆ ಇಡು, ಅಷ್ಟೇ. ಟೆರಿಲಿನ್ ಚೂರಿದ್ದರೆ ಇಡೀ ಕೌದಿಗೆ ಕಡಿಮೆ ಬಿಸಿಯೇ. ಹತ್ತಿಯ ಬಿಸಿ ಕೊಟ್ಟರೆ ಅದು ಹೊಳಪು ಬಿದ್ದು ಮುದುಡುತ್ತದೆ.

ಹಪ್ಪಳದಂತೆ ಚಪ್ಪಟೆ ಆಗಲಿ ಎಂದು ಕೆಲವರು ಒತ್ತಿಸಿಕೊಂಡು ಹೋಗುತ್ತಾರೆ. ನನಗದು ಸಂಕಟ. ಹೊಲಿಗೆಯ ಸಾಲುಗಳ ನಡುವೆ ಬಟ್ಟೆ ಉಬ್ಬಿ ನಿಲ್ಲುವುದೇ ಕೌದಿಯ ಚೆಲುವು, ಅಲ್ಲಿ ಸಿಕ್ಕ ಗಾಳಿಯೇ ಅದರ ಬೆಚ್ಚಗು. ನಾನು ಇಸ್ತ್ರಿ ಮಾಡುವುದು ಅಂಚು ಮತ್ತು ಮೂಲೆಗಳಿಗೆ, ಬಹಳ ಸುಕ್ಕಾದ ಖಣದ ತುಂಡಿಗೆ. ಆಮೇಲೆ ಪೂರ್ತಿ ಆರಿಸಿ, ಬೇವಿನ ಒಣ ಎಲೆಯನ್ನು ಬಟ್ಟೆಚೀಲದಲ್ಲಿ ಕಟ್ಟಿ ಜೊತೆಗಿಡುತ್ತೇನೆ. ಆಗಾಗ ತೆಗೆದು, ಹಳೆ ಮಡಿಕೆ ಬಿಚ್ಚಿ ಬೇರೆ ಕಡೆ ಮಡಿಚಿಡುತ್ತೇನೆ, ಒಂದೇ ಗೆರೆಯಲ್ಲಿ ಬಟ್ಟೆ ಸವೆದು ಹರಿಯದಿರಲೆಂದು.