ಗೋಕರ್ಣದ ಕಡಲ ಹಾದಿ: ಬೇಲೆಕಾನದಿಂದ ಊರಿನ ಕಡೆಗೆ ನಡೆಯಿರಿ

ಬೆಂಗಳೂರಿಂದ ಗೋಕರ್ಣಕ್ಕೆ ಹೋಗುವವರು ಹೆಚ್ಚಾಗಿ ಊರಿನ ಬೀಚಿನಿಂದಲೇ ನಡಿಗೆ ಶುರು ಮಾಡುತ್ತಾರೆ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಅಂತ ದಕ್ಷಿಣಕ್ಕೆ ಸಾಗುತ್ತಾರೆ. ನಾನು ಹೇಳುವುದು ಇದರ ಉಲ್ಟಾ. ಬೆಳಿಗ್ಗೆಯೇ ಆಟೋ ಹಿಡಿದು, ಪ್ಯಾರಡೈಸಿಗಿಂತಲೂ ದಕ್ಷಿಣಕ್ಕಿರುವ ಬೇಲೆಕಾನಕ್ಕೆ ಹೋಗಿ. ಅಲ್ಲಿಂದ ಊರಿನ ಕಡೆಗೆ ನಡೆಯಿರಿ.

ಕಾರಣ ಇಷ್ಟೇ. ಪ್ಯಾರಡೈಸ್, ಹಾಫ್ ಮೂನ್ ಬೀಚುಗಳಿಗೆ ರಸ್ತೆ ಇಲ್ಲ. ಬಂಡೆ ಹತ್ತಿ ಇಳಿಯುವ ಕಷ್ಟದ ಹಾದಿ ಇರುವುದೂ ಆ ಕಡೆಯೇ. ಕಾಲಲ್ಲಿ ಕಸುವಿರುವಾಗ, ಬಿಸಿಲು ಏರುವ ಮುಂಚೆ ಅದನ್ನು ದಾಟಿಬಿಡಬೇಕು. ಓಂ ಬೀಚಿಗೆ ಬಂದ ಮೇಲೆ ಯಾರಿಗಾದರೂ ಸಾಕೆನಿಸಿದರೆ ಮೇಲೆ ರಸ್ತೆಗೆ ಹತ್ತಿ ಆಟೋದಲ್ಲಿ ಊರು ಸೇರಬಹುದು. ನಮ್ಮ ವಿಜಯನಗರದ ಗುಂಪಿನಲ್ಲಿ ಒಬ್ಬ ಗೆಳತಿಗೆ ಮಂಡಿನೋವು. ಈ ದಿಕ್ಕಿನಲ್ಲಾದರೆ ಅವಳು ಧೈರ್ಯವಾಗಿ ಬರುತ್ತಾಳೆ.

ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಬೇಡವೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇರುತ್ತದೆ. ಕಡಲು ಬಲ್ಲವರ ದೋಣಿಗಳೇ ದಡದಲ್ಲಿರುವಾಗ ನಾವು ಬಂಡೆಗಳ ಮೇಲೆ ಓಡಾಡುವುದು ಸರಿಯಲ್ಲ, ಅಲ್ವಾ?

ಶುಕ್ರವಾರ ರಾತ್ರಿಯ ಬಸ್ಸಾದರೆ ತುಮಕೂರು ರಸ್ತೆಯ ಜಾಮ್ ಲೆಕ್ಕ ಹಾಕಿಕೊಳ್ಳಿ. ಮೆಜೆಸ್ಟಿಕ್ಕಿಗೆ ಹೋಗುವ ಬದಲು ಗೊರಗುಂಟೆಪಾಳ್ಯದಲ್ಲಿ ಹತ್ತಲು ಆಗುತ್ತದಾ ನೋಡಿ. ರೈಲಾದರೆ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಗೋಕರ್ಣ ರೋಡ್ ಸ್ಟೇಷನ್ ಊರಿಂದ ಹೊರಗಿದೆ, ಅಲ್ಲಿಂದ ಆಟೋ ಬೇಕೇ ಬೇಕು.

ಟಿಕೆಟ್ ತೆಗೆಯುವ ಮುಂಚೆ ಉಬ್ಬರ–ಇಳಿತ ನೋಡಿ. ಬೆಟ್ಟ ಹತ್ತಿ ಅಭ್ಯಾಸವಿರುವ ನಮ್ಮ ಬೆಂಗಳೂರಿನವರು ಮರೆಯುವುದು ಇದನ್ನೇ. ಎರಡು ಉಬ್ಬರಗಳ ನಡುವೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಸಮಯ ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹೋದ ವಾರ ಹೋಗಿ ಬಂದವರು ಹೇಳಿದ ಸಮಯ ಈ ವಾರಕ್ಕೆ ಹೊಂದುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಮನೆಯ ಗೋಡೆ ಕ್ಯಾಲೆಂಡರಿನಲ್ಲೇ ಆ ದಿನಗಳು ಸಿಗುತ್ತವೆ. ಬಂಡೆಗಳ ಬುಡದಲ್ಲಿ ನಡೆಯುವ ಭಾಗ ನೀರು ಇಳಿಯುತ್ತಿರುವಾಗ ಬರುವಂತೆ ಹೊಂದಿಸಿ. ಅಲೆ ಬಡಿಯುತ್ತಿದ್ದರೆ ಕೆಳಗಿನ ದಾರಿ ಬಿಟ್ಟು ಗುಡ್ಡದ ಮೇಲಿನ ಕಾಲುದಾರಿಗೆ ಹೋಗಿ. ಸುತ್ತಾದರೂ ಪರವಾಗಿಲ್ಲ.

ಇನ್ನು ಕಾಲ ಕೆಳಗಿನ ನೆಲ. ಗುಡ್ಡದ ಮೇಲೆ ಕೆಂಪು ಮುರಕಲ್ಲು. ಅದರ ಸಣ್ಣ ಕಲ್ಲುಗಳು ರಾಗಿ ಚೆಲ್ಲಿದ ನೆಲದಂತೆ ಪಾದದಡಿ ಉರುಳುತ್ತವೆ. ಇಳಿಜಾರಿನಲ್ಲಿ ಹೆಜ್ಜೆ ಚಿಕ್ಕದಿರಲಿ, ಇಡೀ ಪಾದ ಊರಿ. ಕೆಳಗೆ ಕಡಲಿನ ಪಕ್ಕದಲ್ಲಿ ಒಣಗಿದ, ಒರಟಾದ ಬಂಡೆಯನ್ನು ನಂಬಬಹುದು. ಒದ್ದೆಯಾಗಿ ಕಪ್ಪಗೋ ಹಸಿರಾಗೋ ಹೊಳೆಯುವ ಬಂಡೆಯ ಮೇಲೆ ಪಾಚಿ ಇರುತ್ತದೆ, ಅದರ ಮೇಲೆ ಕಾಲಿಡಬೇಡಿ. ಬಂಡೆಗೆ ಅಂಟಿದ ಚಿಪ್ಪುಗಳು ಅಂಗೈ ಕೊಯ್ಯುತ್ತವೆ. ಚಪ್ಪಲಿ ಬೇಡ, ಹಿಡಿತವಿರುವ ಹಳೆಯ ಶೂ ಸಾಕು. ಎರಡು ಕೈಯೂ ಖಾಲಿ ಇರಲಿ. ಫೋಟೋ ತೆಗೆಯುವುದು ನಿಂತಾಗ ಮಾತ್ರ.

ನೀರು ತಲೆಗೆ 3 ಲೀಟರ್. ನಾವಿರುವುದು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಒಣಹವೆಯಲ್ಲಿ. ಕರಾವಳಿಯ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ. ಮೈ ತಣ್ಣಗಾಗುವುದಿಲ್ಲ, ಉಪ್ಪು ಮಾತ್ರ ಹೋಗುತ್ತಿರುತ್ತದೆ. ಒಂದು ಬಾಟಲಿಗೆ ನಿಂಬೆಹಣ್ಣು, ಉಪ್ಪು, ಸಕ್ಕರೆ ಹಾಕಿಕೊಳ್ಳಿ. ಬಾಯಾರುವ ತನಕ ಕಾಯಬೇಡಿ. ತಿನ್ನಲು ಚಪಾತಿ, ಚಟ್ನಿಪುಡಿ, ಕಡಲೆಮಿಠಾಯಿ ಒಯ್ಯಿರಿ. ಓಂ ಬೀಚಿಗೆ ಬರುವ ತನಕ ಅಂಗಡಿ ನಂಬಿಕೊಂಡು ಹೋಗಬೇಡಿ. ಕಸವೆಲ್ಲ ಬ್ಯಾಗಿನಲ್ಲೇ ವಾಪಸ್ ಬರಬೇಕು. ಅಲ್ಲಿ ಬಿಟ್ಟ ಪ್ಲಾಸ್ಟಿಕ್ ಮುಂದಿನ ಉಬ್ಬರಕ್ಕೆ ನೇರ ಕಡಲಿಗೇ ಹೋಗುತ್ತದೆ.

ನಾಲ್ಕೈದು ಜನರ ಗುಂಪು ಚೆಂದ. ನಿಧಾನ ನಡೆಯುವವರು ಮುಂದಿರಲಿ, ದಾರಿ ಬಲ್ಲ ಒಬ್ಬರು ಕೊನೆಯಲ್ಲಿರಲಿ. ಇಲ್ಲವಾದರೆ ನಿಧಾನದವರು ಬಂದು ಸೇರುವಷ್ಟರಲ್ಲಿ ಉಳಿದವರ ದಣಿವು ಆರಿರುತ್ತದೆ, ಮತ್ತೆ ಹೊರಟುಬಿಡುತ್ತಾರೆ. ಪಾಪ, ಅವರಿಗೆ ಕೂರಲು ಸಿಗುವುದೇ ಇಲ್ಲ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಹಾಫ್ ಮೂನಿನಿಂದ ಓಂ ಕಡೆಗೆ ಬರುವ ಗುಡ್ಡದಂಚಿನ ದಾರಿಯಲ್ಲಿ ಅವಸರ ಬೇಡ. ಎಡಕ್ಕೆ ಕೆಳಗೆ ಇಡೀ ಅರಬ್ಬಿ ಸಮುದ್ರ. ನನಗೆ ಈ ನಡಿಗೆಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಒಬ್ಬರ ಹಿಂದೆ ಒಬ್ಬರು ನಡೆಯಿರಿ.

ನೀರಿಗಿಳಿಯುವ ಆಸೆ ಎಲ್ಲರಿಗೂ ಇರುತ್ತದೆ. ಲೈಫ್‌ಗಾರ್ಡ್ ಇರುವ ಕಡೆ ಮಾತ್ರ ಇಳಿಯಿರಿ. ಸೆಳೆತ ಎಳೆದರೆ ನೇರ ದಡಕ್ಕೆ ಈಜಲು ಹೋಗಿ ಸುಸ್ತಾಗಬೇಡಿ. ದಡದ ಉದ್ದಕ್ಕೆ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡಕ್ಕೆ ಬನ್ನಿ.

ಓಂನಿಂದ ಕುಡ್ಲೆ, ಕುಡ್ಲೆಯಿಂದ ಗೋಕರ್ಣ ಸುಲಭ. ಡಿಸೆಂಬರ್‌ನಲ್ಲಿ ಆರು ಗಂಟೆ ಕಳೆಯುತ್ತಲೇ ಸೂರ್ಯ ಮುಳುಗುತ್ತಾನೆ. ಅಷ್ಟರೊಳಗೆ ಕುಡ್ಲೆ ದಾಟಿರಿ, ಟಾರ್ಚ್ ಆದರೂ ಇರಲಿ. ಮಹಾಬಲೇಶ್ವರನ ದರ್ಶನ ಮಾಡುವುದಾದರೆ ಗಂಡಸರು ಬ್ಯಾಗಿನಲ್ಲಿ ಒಂದು ಒಣ ಪಂಚೆ ಇಟ್ಟುಕೊಳ್ಳಿ. ವಾಪಸ್ ಬಸ್ಸು ಆದಷ್ಟು ತಡವಾದದ್ದನ್ನೇ ಬುಕ್ ಮಾಡಿ. ಸ್ನಾನಕ್ಕೂ ಊಟಕ್ಕೂ ಸಮಯ ಬೇಕಲ್ಲ.